ಕಣ್ಣಿಗೆ ಹಬ್ಬವೋ, ತಲೆನೋವೋ: 'ಸ್ಪೀಡ್ ರೇಸರ್' ಬಗ್ಗೆ ಮುಗಿಯದ ಜಗಳ

ಹತ್ತು ಜನ ಕೂತು ನೋಡಿದರೆ ಹತ್ತೂ ಜನ "ಪರವಾಗಿಲ್ಲ, ಒಂದ್ಸಲ ನೋಡಬಹುದು" ಅಂತ ಎದ್ದು ಹೋಗೋ ಸಿನಿಮಾಗಳಿಗೆ ಲೆಕ್ಕವೇ ಇಲ್ಲ. ಅವುಗಳ ಬಗ್ಗೆ ಯಾರೂ ಜಗಳ ಆಡಲ್ಲ, ಮುಂದಿನ ವಾರಕ್ಕೆ ನೆನಪೂ ಇರಲ್ಲ. ಅಪರೂಪಕ್ಕೆ ಇನ್ನೊಂದು ಥರದ ಸಿನಿಮಾ ಬರುತ್ತೆ. ಐದು ಜನ "ಇಂಥದ್ದನ್ನ ಜನ್ಮದಲ್ಲಿ ನೋಡಿರಲಿಲ್ಲ ಗುರು" ಅಂತಾರೆ, ಉಳಿದ ಐದು ಜನ ಹಣೆ ಒತ್ತಿಕೊಳ್ಳುತ್ತಾ ಲೈಟ್ ಹಾಕು ಅಂತಾರೆ. 2008ರಲ್ಲಿ ಬಂದ 'ಸ್ಪೀಡ್ ರೇಸರ್' ಈ ಎರಡನೇ ಜಾತಿಗೆ ಸೇರಿದ್ದು. ನಮ್ಮ ಹಾಸ್ಟೆಲ್ಲಿನಲ್ಲೇ ಇದರ ಬಗ್ಗೆ ಎರಡು ಪಕ್ಷಗಳಿವೆ. ಮೆಕ್ಯಾನಿಕಲ್‌ನ ಒಬ್ಬ ಮಹಾಶಯನ ಪ್ರಕಾರ ಇದು, ಬಣ್ಣದ ಡಬ್ಬಿಗಳನ್ನೆಲ್ಲ ಮಿಕ್ಸಿಗೆ ಸುರಿದು ಮುಚ್ಚಳ ಹಾಕೋದು ಮರೆತಂಗಿರೋ ಸಿನಿಮಾ. ಪಕ್ಕದ ರೂಮಿನವನು ಇದನ್ನ ನಾಲ್ಕನೇ ಸಲ ನೋಡ್ತಾ ಇದ್ದಾನೆ.

ನಾನು ಹೆಚ್ಚುಕಡಿಮೆ ಪಕ್ಕದ ರೂಮಿನವನ ಕಡೆ. ಆದರೆ ಈ ಲೇಖನ ಬರೀತಿರೋದು ಅವನನ್ನ ಗೆಲ್ಲಿಸೋಕೆ ಅಲ್ಲ. ಹದಿನೈದು ವರ್ಷಕ್ಕೂ ಮೇಲಾದರೂ ಎರಡೂ ಕಡೆಯವರು ವಾದ ಮಾಡ್ತಿರೋದು "ಜಾಸ್ತಿ ವೇಗ ಆಯ್ತಾ, ಇಲ್ವಾ" ಅನ್ನೋ ಒಂದೇ ಪ್ರಶ್ನೆಯ ಮೇಲೆ. ನನ್ನ ಪ್ರಕಾರ ಕೇಳಬೇಕಾದ ಪ್ರಶ್ನೆಯೇ ಬೇರೆ: ಆ ವೇಗ ಪರದೆ ಮೇಲೆ ಯಾತಕ್ಕಾಗಿ ಇದೆ? ಈ ಪ್ರಶ್ನೆ ಇಟ್ಟುಕೊಂಡು ನೋಡಿದರೆ ಸಿನಿಮಾ ಎಲ್ಲಿ ಗೆಲ್ಲುತ್ತೆ, ಎಲ್ಲಿ ಬರೀ ಗದ್ದಲ ಆಗುತ್ತೆ ಅನ್ನೋದು ಸಾಕಷ್ಟು ಸ್ಪಷ್ಟವಾಗಿ ಕಾಣುತ್ತೆ.

(ಕಥೆಯ ಗುಟ್ಟುಗಳು ಮುಂದೆ ಬರುತ್ತವೆ. ನೋಡಿಲ್ಲದವರು ಮೊದಲು ನೋಡಿ ಬರೋದು ಒಳ್ಳೇದು.)

ಮೊದಲು ಕಾರ್ಟೂನು

ಮೂಲ ಇರೋದು ಜಪಾನಿನಲ್ಲಿ. ತತ್ಸುಓ ಯೋಶಿದಾ ಅನ್ನೋ ಚಿತ್ರಗಾರ ತನ್ನ ತಮ್ಮಂದಿರ ಜೊತೆ ಸೇರಿ 1962ರಲ್ಲಿ 'ತತ್ಸುನೊಕೊ' ಸ್ಟುಡಿಯೋ ಶುರು ಮಾಡಿದ. ಅವನ ಮಾಂಗಾ ಆಧರಿಸಿ 1967ರಲ್ಲಿ ಟಿವಿಗೆ ಬಂದ ಧಾರಾವಾಹಿ 'ಮಾಕ್ ಗೋ ಗೋ ಗೋ', ಒಟ್ಟು 52 ಕಂತು. ಜಪಾನಿ ಭಾಷೆಯಲ್ಲಿ 'ಗೋ' ಅಂದರೆ ಐದು, ಇಂಗ್ಲಿಷಿನಲ್ಲಿ 'ಹೋಗು'. ನಾಯಕನ ಹೆಸರೂ ಗೋ, ಅವನ ಕಾರು ಮಾಕ್ ಫೈವ್. ಕಾರಿಗೆ ಪ್ರೇರಣೆ ಜೇಮ್ಸ್ ಬಾಂಡ್‌ನ 'ಗೋಲ್ಡ್‌ಫಿಂಗರ್', ಹುಡುಗನ ಸ್ಟೈಲಿಗೆ ಎಲ್ವಿಸ್ ಪ್ರೆಸ್ಲಿಯ 'ವಿವಾ ಲಾಸ್ ವೇಗಸ್'. ಅಂದರೆ ಅಮೆರಿಕದ ಸಿನಿಮಾ ನೋಡಿ ಜಪಾನಿನಲ್ಲಿ ಮಾಡಿದ ಕಾರ್ಟೂನು, ಮತ್ತೆ ಅಮೆರಿಕಕ್ಕೆ ಹೋಗಿ 'ಸ್ಪೀಡ್ ರೇಸರ್' ಅಂತ ಹೆಸರು ಬದಲಿಸಿಕೊಂಡು ಅಲ್ಲಿನ ಮಕ್ಕಳ ಮನೆಮಾತಾಯ್ತು. ಇಂಗ್ಲಿಷ್ ಡಬ್ಬಿಂಗ್ ಮಾಡಿದ ಪೀಟರ್ ಫರ್ನಾಂಡಿಸ್, ಜಪಾನಿ ತುಟಿಗಳ ಚಲನೆಗೆ ಇಂಗ್ಲಿಷ್ ಮಾತು ಕೂರಿಸೋಕೆ ಹೋಗಿ ಪಾತ್ರಗಳ ಕೈಲಿ ಉಸಿರು ಬಿಡದಂಗೆ ಮಾತಾಡಿಸಿದ. ಆ ಗಡಿಬಿಡಿಯ ಮಾತೇ ಧಾರಾವಾಹಿಯ ಗುರುತಾಗಿ ಹೋಯ್ತು.

ಈಗ ಸ್ವಲ್ಪ ಲೆಕ್ಕ, ನಮ್ಮ ಜಾತಿಯವರಿಗೆ ಇಷ್ಟ ಆಗೋ ಭಾಗ. ಫಿಲ್ಮ್ ಸೆಕೆಂಡಿಗೆ 24 ಫ್ರೇಮ್ ಓಡುತ್ತೆ. ಇಪ್ಪತ್ತು ನಿಮಿಷಕ್ಕೆ 28,800 ಫ್ರೇಮ್. ಪ್ರತಿ ಫ್ರೇಮಿಗೂ ಹೊಸ ಚಿತ್ರ ಬರೀತಾ ಕೂತರೆ ವಾರಕ್ಕೊಂದು ಕಂತು ಕೊಡೋದು ಕನಸಿನ ಮಾತು. ಹಾಗಾಗಿ ಆ ಕಾಲದ ಜಪಾನಿ ಟಿವಿ ಸ್ಟುಡಿಯೋಗಳು ಒಂದೇ ಚಿತ್ರವನ್ನ ಮೂರು ಫ್ರೇಮಿನವರೆಗೆ ನಿಲ್ಲಿಸುತ್ತಿದ್ದವು. 28,800 ಇದ್ದದ್ದು 9,600ಕ್ಕೆ ಇಳಿಯಿತು. ಅದೂ ಜಾಸ್ತಿ ಅನ್ನಿಸಿದಾಗ ಕಾರಿನ ಒಂದೇ ಚಿತ್ರ ಇಟ್ಟು, ಹಿಂದಿನ ದೃಶ್ಯವನ್ನ ಮಾತ್ರ ಸರ್ರನೆ ಎಳೆಯೋದು. ಮುಖದ ಕ್ಲೋಸಪ್ ಹಾಕಿ ಹಿಂದೆ ಬರೀ ಗೆರೆಗಳನ್ನ ಓಡಿಸೋದು. ಚಿತ್ರವನ್ನೇ ಕೊಂಚ ಅಲ್ಲಾಡಿಸೋದು. ಕಾರು ಕದಲಲ್ಲ, ಆದರೆ ನೋಡೋ ಹುಡುಗನ ಎದೆ ಡವಡವ. ದುಡ್ಡು, ಸಮಯ ಎರಡೂ ಇಲ್ಲದಾಗ ಹುಟ್ಟಿದ ಜುಗಾಡ್ ಅದು, ಬರ್ತಾ ಬರ್ತಾ ಅದೇ ಒಂದು ಶೈಲಿ ಆಯ್ತು.

ಈ ಮಾತು ನೆನಪಿಟ್ಟುಕೊಳ್ಳಿ. ಸಿನಿಮಾದ ಹುಚ್ಚಿಗೆ ಬೇರು ಇಲ್ಲಿದೆ.

ಸಿನಿಮಾ ಮಾಡಿದವರು ಮಾಡಿದ್ದೇನು?

ಲಾನಾ ಮತ್ತು ಲಿಲ್ಲಿ ವಾಚೌಸ್ಕಿ ಅಂದರೆ 'ದ ಮ್ಯಾಟ್ರಿಕ್ಸ್' ಮಾಡಿದವರು. 1999ರಲ್ಲಿ ಕಪ್ಪು ಕನ್ನಡಕ, ಕಪ್ಪು ಕೋಟು, ಹಸಿರು ಛಾಯೆ, ಗಾಳಿಯಲ್ಲಿ ನಿಂತ ಬುಲೆಟ್ಟು ತೋರಿಸಿ ಒಂದು ಪೀಳಿಗೆಯ ಆಕ್ಷನ್ ಸಿನಿಮಾದ ದಿಕ್ಕನ್ನೇ ಬದಲಿಸಿದವರು. ಅವರ ಕೈಗೆ ಇಂಥ ಒಂದು ಕಾರ್ಟೂನ್ ಸಿಕ್ಕರೆ ಏನು ಮಾಡ್ತಾರೆ ಅಂತ ಎಲ್ಲರಿಗೂ ಒಂದು ಅಂದಾಜಿತ್ತು: ಕಾರುಗಳಿಗೆ ಸ್ವಲ್ಪ ಧೂಳು ಹಚ್ಚಿ, ನಾಯಕನಿಗೆ ಸ್ವಲ್ಪ ಗಡ್ಡ ಬಿಡಿಸಿ, ಕತ್ತಲು ತುಂಬಿ, 'ರಿಯಲಿಸ್ಟಿಕ್' ಮಾಡ್ತಾರೆ. ಕಾರ್ಟೂನನ್ನು ಸಿನಿಮಾ ಮಾಡುವಾಗ ಹಾಲಿವುಡ್ಡಿನವರು ಹಿಡಿಯೋ ಹಳೇ ದಾರಿ ಅದು.

ಇವರು ಉಲ್ಟಾ ಹೋದರು. ಕಾರ್ಟೂನನ್ನ ನಿಜದ ಹತ್ತಿರ ತರೋ ಬದಲು ನಟರನ್ನ ಕಾರ್ಟೂನಿನ ಒಳಗೆ ತಳ್ಳಿದರು. ಜರ್ಮನಿಯ ಬಾಬೆಲ್ಸ್‌ಬರ್ಗ್ ಸ್ಟುಡಿಯೋದಲ್ಲಿ, ಬಹುಪಾಲು ಹಸಿರು ಪರದೆಯ ಮುಂದೆ, ಸೋನಿ ಎಫ್23 ಡಿಜಿಟಲ್ ಕ್ಯಾಮೆರಾದಲ್ಲಿ ಚಿತ್ರೀಕರಣ ಆಯ್ತು. ಈ ಕ್ಯಾಮೆರಾದ ಸೆನ್ಸರ್ ಚಿಕ್ಕದು, ಮೂರನೇ ಎರಡು ಇಂಚಿನದ್ದು. ಫೋಟೋಗ್ರಫಿ ಕ್ಲಬ್ಬಿನವರಿಗೆ ಗೊತ್ತಿರುತ್ತೆ: ಅದೇ ಫ್ರೇಮಿಂಗ್, ಅದೇ ಅಪರ್ಚರ್ ಇಟ್ಟುಕೊಂಡರೆ ಸೆನ್ಸರ್ ಚಿಕ್ಕದಾದಷ್ಟೂ ಡೆಪ್ತ್ ಆಫ್ ಫೀಲ್ಡ್ ಜಾಸ್ತಿ. ಅದೂ ಸಾಲದು ಅಂತ, ಹತ್ತಿರದ ವಸ್ತು, ನಡುವಿನ ನಟ, ದೂರದ ಬೆಟ್ಟ ಇವನ್ನೆಲ್ಲ ಬೇರೆ ಬೇರೆ ಪದರಗಳಾಗಿ ಹಿಡಿದು ಆಮೇಲೆ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂರಿಸಿದರು. ಎಷ್ಟೋ ದೃಶ್ಯಗಳಲ್ಲಿ ಮೂಗಿನ ತುದಿಯಿಂದ ಕ್ಷಿತಿಜದವರೆಗೆ ಎಲ್ಲವೂ ಫೋಕಸ್‌ನಲ್ಲೇ. ಹಿನ್ನೆಲೆ ಮಸುಕಾಗೋದೇ ಇಲ್ಲ. ಕಾರ್ಟೂನಿನಲ್ಲೂ ಹಾಗೇ ತಾನೇ? ಅಲ್ಲಿ ಮಸುಕು ಮಾಡೋಕೆ ಲೆನ್ಸ್ ಎಲ್ಲಿದೆ?

ಇನ್ನೊಂದು ವಿಷಯ ಗಮನಿಸಿ. ಎಷ್ಟೋ ಕಡೆ ಈ ಸಿನಿಮಾದಲ್ಲಿ ಒಂದು ದೃಶ್ಯದಿಂದ ಇನ್ನೊಂದಕ್ಕೆ ನೇರ ಕಟ್ ಇಲ್ಲ. ಮಾತಾಡ್ತಿರೋ ಒಬ್ಬನ ತಲೆ ಪರದೆಯ ಅಡ್ಡಕ್ಕೆ ಜಾರಿಕೊಂಡು ಹೋಗುತ್ತೆ, ಅದರ ಹಿಂದೆಯೇ ಬೇರೆ ಜಾಗ, ಬೇರೆ ಕಾಲ ತೆರೆದುಕೊಳ್ಳುತ್ತೆ. ಕಾಮೆಂಟರಿ ಹೇಳೋನ ಮುಖ ಎಡದಿಂದ ಬಲಕ್ಕೆ ಹೋಗೋಷ್ಟರಲ್ಲಿ ರೇಸು ಮುಂದಿನ ತಿರುವಿಗೆ ಬಂದಿರುತ್ತೆ. ನಮ್ಮಲ್ಲಿ 'ಕೆಜಿಎಫ್ 2' ಬಂದಾಗ ಕಾರ್ ಚೇಸ್ ನಡುನಡುವೆ ಪರದೆ ಕಪ್ಪಾಗಿ ಮತ್ತೆ ಬೆಳಗೋ ಎಡಿಟಿಂಗ್ ಬಗ್ಗೆ ಇಡೀ ಕ್ಯಾಂಟೀನ್ ಎರಡು ಭಾಗ ಆಗಿತ್ತಲ್ಲ, "ಸೂಪರ್" ಅನ್ನೋರು ಅರ್ಧ, "ಕಣ್ಣು ನೋವು" ಅನ್ನೋರು ಅರ್ಧ? ಅಲ್ಲಿ ಅದು ಕಟ್‌ನ ಆಟ. ಇಲ್ಲಿ ಕಟ್ ತಪ್ಪಿಸೋ ಆಟ. ಜಗಳ ಮಾತ್ರ ಒಂದೇ.

ಒಟ್ಟಿನಲ್ಲಿ, 1967ರ ಸ್ಟುಡಿಯೋ ಬಡತನಕ್ಕೆ ಕಂಡುಕೊಂಡ ತಂತ್ರಗಳನ್ನೇ (ನಿಂತ ಕಾರು, ಓಡೋ ಹಿನ್ನೆಲೆ, ಗೆರೆಗಳು, ಜಾರೋ ಮುಖಗಳು) 2008ರಲ್ಲಿ ಸುಮಾರು 12 ಕೋಟಿ ಡಾಲರ್ ಸುರಿದು ಮತ್ತೆ ಮಾಡಿದರು. "ತಲೆಬುಡ ಇಲ್ಲದ ಗ್ರಾಫಿಕ್ಸ್" ಅನ್ನೋರಿಗೆ ನಾನು ಹೇಳೋದು ಇಷ್ಟು: ಇಷ್ಟ ಆಗದೆ ಇರಬಹುದು, ಆದರೆ ತಲೆಬುಡ ಇದೆ.

ತಲೆನೋವು ಸುಳ್ಳಲ್ಲ

ಹಾಗಂತ ತಲೆನೋವು ಅಂದವರನ್ನ "ನಿಂಗೆ ಸಿನಿಮಾ ಅರ್ಥ ಆಗಲ್ಲ ಬಿಡು" ಅಂತ ಪಕ್ಕಕ್ಕೆ ತಳ್ಳೋದು ಅನ್ಯಾಯ. ಈ ಸಿನಿಮಾದ ಅಭಿಮಾನಿಗಳಲ್ಲಿ ಈ ಚಟ ಸ್ವಲ್ಪ ಜಾಸ್ತಿ.

ಬಸ್ಸಿನ ಕಿಟಕಿ ಪಕ್ಕ ಕೂತಾಗ ಹತ್ತಿರದ ಲೈಟು ಕಂಬ ಸರಕ್ಕನೆ ಹೋಗುತ್ತೆ, ದೂರದ ಗುಡ್ಡ ನಿಧಾನಕ್ಕೆ ಸರಿಯುತ್ತೆ, ಚಂದ್ರ ಜೊತೆಗೇ ಬರ್ತಾನೆ. ಈ ವ್ಯತ್ಯಾಸದಿಂದಲೇ ನಮ್ಮ ಮಿದುಳು ದೂರ ಎಷ್ಟು, ವೇಗ ಎಷ್ಟು ಅಂತ ಲೆಕ್ಕ ಹಾಕೋದು. ಫೋಕಸ್ ಕೂಡ ಒಂದು ಸುಳಿವು. ಮಸುಕಾಗಿ ಕಂಡದ್ದನ್ನ ಕಣ್ಣು ಬಿಟ್ಟುಬಿಡುತ್ತೆ, ಚೊಕ್ಕಟವಾಗಿ ಕಂಡದ್ದನ್ನ ಹಿಡಿಯುತ್ತೆ. 'ಸ್ಪೀಡ್ ರೇಸರ್' ಈ ಎರಡೂ ಸುಳಿವುಗಳನ್ನ ಬೇಕಂತಲೇ ಕೆಡಿಸುತ್ತೆ. ಪದರಗಳು ತಮಗಿಷ್ಟ ಬಂದ ವೇಗದಲ್ಲಿ ಸರಿಯುತ್ತವೆ, ಎಲ್ಲವೂ ಫೋಕಸ್‌ನಲ್ಲಿರೋದರಿಂದ ಯಾವುದನ್ನ ನೋಡಬೇಕು, ಯಾವುದನ್ನ ಬಿಡಬೇಕು ಅಂತ ಕಣ್ಣಿಗೆ ಯಾರೂ ಹೇಳಲ್ಲ. ಅದರ ಮೇಲೆ ಕೆಂಪು, ಹಳದಿ, ನೇರಳೆ, ನೀಲಿ ಎಲ್ಲವೂ ಒಂದೇ ದನಿಯಲ್ಲಿ ಕೂಗ್ತಾ ಇರುತ್ತವೆ. ಕಣ್ಣು "ನಾವು ಓಡ್ತಿದ್ದೀವಿ" ಅನ್ನುತ್ತೆ, ಒಳಗಿವಿ "ಇಲ್ಲ, ಕುರ್ಚಿ ಮೇಲೆ ಕೂತಿದ್ದೀವಿ" ಅನ್ನುತ್ತೆ. ಕೆಲವರಿಗೆ ಇದು ಮಜಾ, ಕೆಲವರಿಗೆ ಘಾಟಿ ರಸ್ತೆಯಲ್ಲಿ ಹಿಂದಿನ ಸೀಟು. ಇಬ್ಬರೂ ತಮಗೆ ಆಗಿದ್ದನ್ನೇ ಹೇಳ್ತಾ ಇದ್ದಾರೆ.

ಆದರೆ ಇನ್ನೊಂದು ದೂರು ಇದೆ, ಅದನ್ನ ನಾನು ಒಪ್ಪಲ್ಲ: "ಇದೆಲ್ಲ ನಿಜ ಅನ್ನಿಸಲ್ಲ." ಟ್ರ್ಯಾಕು ಗಾಳಿಯಲ್ಲಿ ಸುರುಳಿ ಸುತ್ತುತ್ತೆ, ಕಾರುಗಳು ಅಡ್ಡಡ್ಡ ಜಾರುತ್ತಾ ಒಂದರ ಮೇಲೊಂದು ಹಾರಿ ಕುಸ್ತಿ ಆಡುತ್ತವೆ. ಲೂಪಿನ ಬುಡದಲ್ಲಿ ವೇಗ ಕನಿಷ್ಠ ರೂಟ್ 5ಜಿಆರ್ ಇರಬೇಕು ಅಂತ ಪಿಯುಸಿಯಲ್ಲಿ ಉರು ಹೊಡೆದ ನಮಗೆ ಇದನ್ನ ನೋಡಿದಾಗ ಕೈ ತುರಿಸೋದು ಸಹಜ. ಮ್ಯೂ ಬೆಲೆ ಎಷ್ಟು ಇಟ್ಕೊಂಡಿದಾರೆ, ಟೈರು ಯಾವ ಕಂಪನಿದು ಅಂತೆಲ್ಲ ಕೇಳಿ ನಗೋದೂ ಸರಿಯೇ. ಆದರೆ ಅದನ್ನೇ ತೀರ್ಪು ಮಾಡಬಾರದು. ಯಕ್ಷಗಾನದಲ್ಲಿ ಬಣ್ಣದ ವೇಷ ರಂಗಕ್ಕೆ ಬಂದಾಗ "ಯಾವ ಮನುಷ್ಯನ ಮುಖ ಹೀಗಿರುತ್ತೆ?" ಅಂತ ಯಾರಾದರೂ ಕೇಳ್ತಾರಾ? ಕೇಳಲ್ಲ, ಯಾಕಂದ್ರೆ ಆಟದ ಕಟ್ಟುಪಾಡು ಗೊತ್ತಿದೆ. ವೇಷ ಕಟ್ಟಿದ್ದು ಸರಿಯಾಗಿದೆಯಾ, ಹೆಜ್ಜೆ ತಾಳಕ್ಕೆ ಬಿತ್ತಾ ಅಂತ ಕೇಳ್ತಾರೆ. 'ಸ್ಪೀಡ್ ರೇಸರ್' ಕೂಡ ಮೊದಲ ನಿಮಿಷದಲ್ಲೇ ತನ್ನ ಕಟ್ಟುಪಾಡು ಹೇಳಿಬಿಡುತ್ತೆ: ಕ್ಲಾಸಿನಲ್ಲಿ ಕೂತ ಪುಟ್ಟ ಹುಡುಗ ಪರೀಕ್ಷೆ ಪತ್ರಿಕೆ ಮುಂದಿಟ್ಟುಕೊಂಡು, ಉತ್ತರ ಬರೆಯೋ ಬದಲು ಮನಸ್ಸಿನಲ್ಲೇ ಕಾರು ಓಡಿಸ್ತಾ ಇದ್ದಾನೆ, ಸುತ್ತ ಇರೋ ಕ್ಲಾಸು ಕ್ರೇಯಾನಿನಲ್ಲಿ ಗೀಚಿದ ರೇಸ್ ಟ್ರ್ಯಾಕ್ ಆಗಿಬಿಡುತ್ತೆ. ಮುಂದಿನ ಎರಡು ಕಾಲು ಗಂಟೆಯನ್ನ ನೀವು ಈ ಹುಡುಗನ ಕಣ್ಣಿಂದ ನೋಡ್ತೀರಿ ಅಂತ ಇದಕ್ಕಿಂತ ನೇರವಾಗಿ ಹೇಳೋದು ಹೇಗೆ?

ವೇಗಕ್ಕೆ ಕಾರಣ ಇದ್ದಾಗ

ಮೊದಲ ರೇಸನ್ನೇ ತಗೊಳ್ಳಿ. ಹೆಚ್ಚುಕಡಿಮೆ ಇಪ್ಪತ್ತು ನಿಮಿಷ. ಸ್ಪೀಡ್ (ಎಮಿಲ್ ಹರ್ಷ್) ಟ್ರ್ಯಾಕಿನಲ್ಲಿ ಎಲ್ಲರಿಗಿಂತ ಎಷ್ಟೋ ಮುಂದಿದ್ದಾನೆ. ಅವನ ಪೈಪೋಟಿ ಉಳಿದ ಕಾರುಗಳ ಜೊತೆ ಅಲ್ಲ. ಅದೇ ಟ್ರ್ಯಾಕಿನಲ್ಲಿ ವರ್ಷಗಳ ಹಿಂದೆ ಅಣ್ಣ ರೆಕ್ಸ್ ಮಾಡಿದ ದಾಖಲೆಯ ಜೊತೆ. ಅಣ್ಣ ಈಗಿಲ್ಲ, ಒಂದು ರೇಸಿನಲ್ಲಿ ಸತ್ತ ಅಂತ ಮನೆಯವರೆಲ್ಲ ನಂಬಿದ್ದಾರೆ. ಪರದೆ ಮೇಲೆ ಸ್ಪೀಡ್‌ನ ಕಾರಿನ ಮುಂದೆ ಅಣ್ಣನ ಕಾರು ನೆರಳಿನ ಹಾಗೆ ಓಡುತ್ತೆ. ವಿಡಿಯೋ ಗೇಮಿನ ಟೈಮ್ ಟ್ರಯಲ್‌ನಲ್ಲಿ ಹಳೇ ಲ್ಯಾಪ್‌ನ 'ಘೋಸ್ಟ್' ಓಡುತ್ತಲ್ಲ, ಹಾಗೆ. ಒಂದು ಮುಖ ಜಾರಿದರೆ ಬಾಲ್ಯ, ಇನ್ನೊಂದು ಜಾರಿದರೆ ಅಣ್ಣ ಮನೆ ಬಿಟ್ಟು ಹೋದ ರಾತ್ರಿ, ಮತ್ತೊಂದು ಜಾರಿದರೆ ಸ್ಟ್ಯಾಂಡಿನಲ್ಲಿ ಉಸಿರು ಬಿಗಿಹಿಡಿದ ಅಪ್ಪ ಅಮ್ಮ. ಹತ್ತಾರು ವರ್ಷದ ಕಥೆ ಒಂದೇ ರೇಸಿನೊಳಗೆ ಮುಗಿದುಹೋಗುತ್ತೆ. ಕೊನೆಗೆ, ದಾಖಲೆ ಮುರಿಯೋದು ಖಂಡಿತ ಅನ್ನೋ ಹೊತ್ತಿಗೆ, ಸ್ಪೀಡ್ ತಾನಾಗಿಯೇ ಕೊಂಚ ಹಿಡಿತಾನೆ. ರೇಸು ಅವನದು, ದಾಖಲೆ ಅಣ್ಣನದೇ ಉಳಿಯುತ್ತೆ.

ಇಲ್ಲಿ ಗಡಿಬಿಡಿಯಲ್ಲಿ ಕಾಲಗಳು ಕಲಸಿಹೋಗೋದಕ್ಕೆ ಕಾರಣ ಇದೆ. ಈ ಹುಡುಗನ ತಲೆಯಲ್ಲಿ ಅಣ್ಣ 'ಹಿಂದೆ' ಇಲ್ಲ, ಪಕ್ಕದಲ್ಲೇ ಓಡ್ತಿದ್ದಾನೆ. ಇದನ್ನ ಮಾತಿನಲ್ಲಿ ಹೇಳಿಸಿದ್ದರೆ ಸೆಂಟಿಮೆಂಟ್ ಆಗ್ತಿತ್ತು. ಸಾಧಾರಣ ಫ್ಲಾಶ್‌ಬ್ಯಾಕ್ ಹಾಕಿದ್ದರೆ ರೇಸು ನಿಂತುಹೋಗ್ತಿತ್ತು. ಎರಡೂ ಆಗದಂತೆ ಮಾಡಿದ್ದು ಆ ಜಾರೋ ಪದರಗಳೇ.

ಕೊನೆಯ ರೇಸೂ ಹಾಗೇ. ನಡುವೆ ಕಾರು ನಿಂತುಹೋಗುತ್ತೆ. ಅಷ್ಟು ಹೊತ್ತಿನ ಸದ್ದು, ಬಣ್ಣ ಎಲ್ಲ ಒಮ್ಮೆಗೇ ಸ್ತಬ್ಧ. ಸ್ಪೀಡ್ ಸುಮ್ಮನೆ ಕೂತು ಕಾರಿನ ಮಾತು ಕೇಳ್ತಾನೆ. ಆಮೇಲೆ ಎಂಜಿನ್ ಹತ್ತಿದಾಗ ಬರೋ ಓಟ, ಕೊನೆಗೆ ಟ್ರ್ಯಾಕೂ ಕಾರೂ ಕರಗಿ ಬರೀ ಕೆಂಪು ಬಿಳಿ ವಿನ್ಯಾಸ ಆಗಿಬಿಡೋದು. ಆ ಮೌನ ಇಲ್ಲದಿದ್ದರೆ ಈ ಓಟಕ್ಕೆ ಬೆಲೆ ಇರ್ತಿರಲಿಲ್ಲ.

ವೇಗವೇ ಇಲ್ಲದ ಎರಡು ದೃಶ್ಯಗಳನ್ನೂ ನೆನೆಸಿಕೊಳ್ಳಬೇಕು. ಅಮ್ಮ (ಸೂಸನ್ ಸರಂಡನ್) ಮಗನ ಹತ್ತಿರ ಕೂತು, ನೀನು ಕಾರು ಓಡಿಸೋದು ನೋಡಿದರೆ ಯಾರೋ ಚಿತ್ರ ಬಿಡಿಸಿದ ಹಾಗೆ, ಸಂಗೀತ ಕಟ್ಟಿದ ಹಾಗೆ ಅನ್ನಿಸುತ್ತೆ, ನಾನು ರೇಸಿಗೆ ಬರೋದು ಅದನ್ನ ನೋಡೋಕೆ ಅನ್ನೋ ಅರ್ಥದಲ್ಲಿ ಮಾತಾಡ್ತಾಳೆ. ಇನ್ನೊಂದು ಕಡೆ ಅಪ್ಪ (ಜಾನ್ ಗುಡ್‌ಮನ್). ದೊಡ್ಡ ಮಗ ಮನೆ ಬಿಟ್ಟು ಹೋಗುವಾಗ "ಈ ಬಾಗಿಲು ದಾಟಿದರೆ ಮತ್ತೆ ಬರಬೇಡ" ಅಂದಿದ್ದ ಮನುಷ್ಯ, ಚಿಕ್ಕ ಮಗ ಅದೇ ಬಾಗಿಲಲ್ಲಿ ನಿಂತಾಗ, ನೀನು ಎಲ್ಲಿಗೇ ಹೋಗು ಈ ಬಾಗಿಲು ತೆರೆದೇ ಇರುತ್ತೆ ಅಂತಾನೆ. ಕ್ಯಾಮೆರಾ ಇಲ್ಲಿ ಯಾವ ಆಟವನ್ನೂ ಆಡಲ್ಲ, ನಟರನ್ನ ಅವರ ಪಾಡಿಗೆ ಬಿಟ್ಟುಬಿಡುತ್ತೆ. ಎಲ್ಲಿ ನಿಲ್ಲಬೇಕು ಅಂತ ಗೊತ್ತಿದ್ದವರೇ ಇಷ್ಟು ಓಡಿಸಿದ್ದಾರೆ ಅನ್ನೋದಕ್ಕೆ ನನ್ನ ಹತ್ತಿರ ಇರೋ ಸಾಕ್ಷಿ ಇವೆರಡು ದೃಶ್ಯಗಳು.

ಕಾರಣ ಇಲ್ಲದಾಗ

ಇನ್ನು ಅಭಿಮಾನಿಗಳಿಗೆ ಕಹಿ ಅನ್ನಿಸೋ ಭಾಗ. ನಡುವಿನ ಕಾಸಾ ಕ್ರಿಸ್ಟೋ ರ‍್ಯಾಲಿ ನನಗೆ ಪ್ರತಿ ಸಲವೂ ಉದ್ದ ಅನ್ನಿಸುತ್ತೆ. ಮರುಭೂಮಿ, ಹಿಮದ ಬೆಟ್ಟ, ನಿಂಜಾಗಳು, ಕಾರುಗಳಿಂದ ಹೊರಬರೋ ಥರಾವರಿ ಆಯುಧಗಳು ಎಲ್ಲ ಇವೆ. ಆದರೆ ಅಣ್ಣನ ನೆರಳಿನಂಥದ್ದು ಏನೂ ಇಲ್ಲ. ಎಲ್ಲವೂ ಮೊದಲ ರೇಸಿನಷ್ಟೇ ಜೋರಾಗಿದೆ, ಎದೆ ಮಾತ್ರ ಅಷ್ಟು ಹೊಡ್ಕೊಳ್ಳಲ್ಲ.

ಇದಕ್ಕೆ ಒಂದು ಕಾರಣ, ಇಲ್ಲಿ ಭಯವೇ ಇಲ್ಲ. ಕಾರು ಪುಡಿಯಾದ ತಕ್ಷಣ ಚಾಲಕನ ಸುತ್ತ ನೊರೆಯ ಚೆಂಡು ಉಬ್ಬಿಕೊಂಡು ಅವನನ್ನ ಕಾಪಾಡುತ್ತೆ. ಮಕ್ಕಳ ಸಿನಿಮಾಕ್ಕೆ ಸರಿಯೇ, ಆದರೆ ಡಿಕ್ಕಿಯಿಂದ ನೋವೇ ಇಲ್ಲ ಅಂದಮೇಲೆ ಡಿಕ್ಕಿ ಬರೀ ಪಟಾಕಿ. ಇನ್ನೊಂದು ಕಾರಣ, ಸಿನಿಮಾಕ್ಕೆ ತನ್ನ ಪ್ರೇಕ್ಷಕ ಯಾರು ಅಂತ ನಿರ್ಧಾರ ಮಾಡೋಕೆ ಆಗಿಲ್ಲ. ಒಂದು ಕಡೆ ಪುಟ್ಟ ತಮ್ಮ ಮತ್ತು ಅವನ ಚಿಂಪಾಂಜಿಯ ಕೋತಿ ಚೇಷ್ಟೆ. ಇನ್ನೊಂದು ಕಡೆ ರೇಸಿನ ಫಲಿತಾಂಶ ಮೊದಲೇ ನಿರ್ಧರಿಸಿ ಷೇರಿನ ಬೆಲೆ ಏರಿಸೋ ಹುನ್ನಾರ, ಒಂದು ಕಂಪನಿಯನ್ನ ಇನ್ನೊಂದು ಕೊಳ್ಳೋ ವ್ಯವಹಾರ. ಏಳು ವರ್ಷದ ಹುಡುಗನಿಗೆ ಷೇರು ತಲೆಗೆ ಹತ್ತಲ್ಲ, ಇಪ್ಪತ್ತರವನಿಗೆ ಚಿಂಪಾಂಜಿ ಸಾಕಪ್ಪಾ ಸಾಕು ಅನ್ನಿಸುತ್ತೆ. ಹೀಗಾಗಿ ಇಬ್ಬರಿಗೂ ಸಿಗೋದು ಅರ್ಧರ್ಧ ಸಿನಿಮಾ. 135 ನಿಮಿಷ ಇದಕ್ಕೆ ಜಾಸ್ತಿ, ಇಪ್ಪತ್ತು ನಿಮಿಷ ಕತ್ತರಿಸಿದ್ದರೆ ತಲೆನೋವಿನವರ ಸಂಖ್ಯೆ ಅರ್ಧಕ್ಕೆ ಇಳೀತಿತ್ತು ಅಂತ ನನ್ನ ಗುಮಾನಿ.

ದೊಡ್ಡ ಕಂಪನಿಗಳನ್ನ ಬೈಯೋ ಈ ಸಿನಿಮಾವನ್ನ ಹಂಚಿದ್ದು ವಾರ್ನರ್ ಬ್ರದರ್ಸ್ ಅನ್ನೋ ದೊಡ್ಡ ಕಂಪನಿ, ಜೊತೆಗೆ ಹಾಟ್ ವೀಲ್ಸ್ ಕಾರುಗಳು, ಲೆಗೋ ಸೆಟ್‌ಗಳು ಅಂಗಡಿಗೆ ಬಂದವು. ವ್ಯಾಪಾರವನ್ನ ಬೈದು ವ್ಯಾಪಾರ ಮಾಡಿದರು ಅನ್ನೋ ಆಕ್ಷೇಪಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಆದರೆ ಅದಕ್ಕೋಸ್ಕರ ಕಥೆ ಹೇಳಿದ್ದು ಸುಳ್ಳಾಗಲ್ಲ.

ರಾಯಲ್ಟನ್ ಕೊಟ್ಟ ಆಫರ್

ಆ ಕಥೆ ನಮ್ಮ ಕ್ಯಾಂಪಸ್ಸಿಗೆ ಸ್ವಲ್ಪ ಹತ್ತಿರದ್ದು. ಮೊದಲ ರೇಸು ಗೆದ್ದ ಮೇಲೆ ರಾಯಲ್ಟನ್ (ರೋಜರ್ ಅಲ್ಲಮ್) ಅನ್ನೋ ಉದ್ಯಮಿ ಸ್ಪೀಡ್‌ನ ಮನೆಗೆ ಬರ್ತಾನೆ. ನಗುನಗುತ್ತಾ ಅಮ್ಮ ಮಾಡಿದ ಪ್ಯಾನ್‌ಕೇಕ್ ಹೊಗಳ್ತಾನೆ. ಇಡೀ ಕುಟುಂಬವನ್ನ ತನ್ನ ಕಾರ್ಖಾನೆಗೆ ಕರೆದುಕೊಂಡು ಹೋಗಿ ತೋರಿಸ್ತಾನೆ: ಕಣ್ಣು ಕುಕ್ಕೋ ಕಟ್ಟಡ, ಹೊಸ ಎಂಜಿನ್ನು, ತರಬೇತಿ ಕೇಂದ್ರ, ಸವಲತ್ತು. ಪ್ಲೇಸ್‌ಮೆಂಟ್ ಸೀಸನ್ನಿನ ಪ್ರೀ-ಪ್ಲೇಸ್‌ಮೆಂಟ್ ಟಾಕ್ ನೋಡಿದವರಿಗೆ ಆ ದೃಶ್ಯ ಪರಿಚಯದ್ದೇ ಅನ್ನಿಸುತ್ತೆ, ಪಿಪಿಟಿ ಒಂದು ಇಲ್ಲ ಅಷ್ಟೇ.

ಸ್ಪೀಡ್ ಯೋಚನೆ ಮಾಡಿ ಬೇಡ ಅಂತಾನೆ. ಅಪ್ಪನ ಗ್ಯಾರೇಜಿನಲ್ಲೇ ಇರ್ತೀನಿ ಅಂತಾನೆ. ಆಗ ರಾಯಲ್ಟನ್‌ನ ನಗು ಕಳಚುತ್ತೆ. ರೇಸು ಅನ್ನೋದು ಕಾರು, ಚಾಲಕರ ಆಟ ಅಂದ್ಕೊಂಡಿದ್ದೀಯಾ, ಇದೆಲ್ಲ ದುಡ್ಡು, ಯಾರು ಗೆಲ್ಲಬೇಕು ಅಂತ ನಿರ್ಧಾರ ಆಗೋದು ಬೇರೆ ಕಡೆ ಅಂತ ಸಿಟ್ಟಿನಲ್ಲಿ ಬಿಚ್ಚಿಡ್ತಾನೆ. ಸ್ಪೀಡ್ ಚಿಕ್ಕಂದಿನಿಂದ ನಂಬಿದ್ದ ಹಳೇ ದೊಡ್ಡ ರೇಸುಗಳೆಲ್ಲ ಮೊದಲೇ ಮಾತಾಡಿಕೊಂಡ ನಾಟಕ ಅಂತ ಗೊತ್ತಾಗುತ್ತೆ.

ಇಲ್ಲಿಂದ ಸಿನಿಮಾ ಕೇಳೋ ಪ್ರಶ್ನೆ ಗಂಭೀರವಾದದ್ದು. ನೀನು ಪ್ರೀತಿಸಿದ ಕೆಲಸದ ವ್ಯವಸ್ಥೆಯೇ ಕೊಳೆತಿದೆ ಅಂತ ಗೊತ್ತಾದ ಮೇಲೂ ಆ ಕೆಲಸ ಯಾಕೆ ಮಾಡ್ತೀಯ? ಒಬ್ಬನೇ ಗೆದ್ದು ವ್ಯವಸ್ಥೆ ಬದಲಾಯಿಸ್ತೀನಿ ಅಂತ ಹೊರಟರೆ ಅದು ಬದಲಾಗದೇ ಇದ್ದಾಗ ಏನು ಮಾಡ್ತೀಯ? ಸಿನಿಮಾದ ಉತ್ತರ ಹೆಚ್ಚುಕಡಿಮೆ ಅಮ್ಮನ ಮಾತಿನಲ್ಲಿದೆ: ಕೆಲಸವನ್ನ ಚೆನ್ನಾಗಿ ಮಾಡೋದರಲ್ಲೇ ಒಂದು ಅರ್ಥ ಇದೆ, ಅದನ್ನ ಯಾರೂ ಷೇರು ಮಾರುಕಟ್ಟೆಯಲ್ಲಿ ಕೊಳ್ಳೋಕೆ ಆಗಲ್ಲ. ಇದು ಸಾಲದು ಅನ್ನೋರು ಇರಬಹುದು. ತಿಂಗಳ ಕೊನೆಗೆ ಮನೆಗೆ ದುಡ್ಡು ಕಳಿಸಬೇಕಾದವನಿಗೆ, ಸಾಲ ತೀರಿಸಬೇಕಾದವನಿಗೆ ರಾಯಲ್ಟನ್ ಆಫರ್ ಬೇಡ ಅನ್ನೋದು ಸ್ಪೀಡ್‌ಗಿಂತ ಕಷ್ಟ. ಅವನಿಗೆ ಅಪ್ಪನ ಗ್ಯಾರೇಜಾದರೂ ಇತ್ತು. ಆದರೂ ಕೋರ್ ಬ್ರಾಂಚ್ ಓದಿ, ಕೋರ್ ಬಿಟ್ಟು, ಪ್ಯಾಕೇಜ್ ಎಷ್ಟು ಅನ್ನೋ ಒಂದೇ ಅಂಕಿಯಲ್ಲಿ ಒಬ್ಬರನ್ನೊಬ್ಬರು ಅಳೆಯೋ ನಮಗೆ ಈ ಪ್ರಶ್ನೆಯನ್ನ ಒಂದು ಕಾರ್ಟೂನ್ ಸಿನಿಮಾ ಕೇಳಿದ್ದು ಚಿಕ್ಕ ವಿಷಯ ಅಲ್ಲ.

ಗೆದ್ದವರು ಯಾರು?

ಲೆಕ್ಕದಲ್ಲಿ ಸಿನಿಮಾ ಸೋತಿತು. 2008ರ ಮೇ 9ಕ್ಕೆ ಬಿಡುಗಡೆ. ಒಂದು ವಾರ ಮೊದಲು 'ಐರನ್ ಮ್ಯಾನ್' ಬಂದು ಥಿಯೇಟರ್ ತುಂಬಿಸಿತ್ತು, ಒಂದು ವಾರಕ್ಕೆ 'ನಾರ್ನಿಯಾ' ಸರಣಿಯ ಎರಡನೇ ಭಾಗ ಬಂತು. ನಡುವೆ ಸಿಕ್ಕಿಕೊಂಡ ಇದು ಪ್ರಪಂಚದಾದ್ಯಂತ ಗಳಿಸಿದ್ದು 9.4 ಕೋಟಿ ಡಾಲರ್ ಆಸುಪಾಸು. ಅದರಲ್ಲಿ ಥಿಯೇಟರಿನವರ ಪಾಲು ಕಳೆದರೆ ಹಾಕಿದ 12 ಕೋಟಿಯ ಗತಿ ಏನು ಅಂತ ನೀವೇ ನೋಡಿ. ಹೆಚ್ಚಿನ ವಿಮರ್ಶಕರು ಬೈದರು. 'ಟೈಮ್' ಪತ್ರಿಕೆಯ ರಿಚರ್ಡ್ ಕಾರ್ಲಿಸ್ ಥರದ ಕೆಲವರು ಮಾತ್ರ ಆಗಲೇ ಇದರ ಪರ ನಿಂತರು.

ಆಮೇಲೆ ಕಾಲ ಬದಲಾಯ್ತು. 2010ರಲ್ಲಿ 'ಸ್ಕಾಟ್ ಪಿಲ್‌ಗ್ರಿಮ್' ಕಾಮಿಕ್ಸ್ ಪುಟಗಳನ್ನೇ ಪರದೆ ಮೇಲೆ ತಂದಿತು. 2018ರಲ್ಲಿ 'ಸ್ಪೈಡರ್-ವರ್ಸ್' ಬಂದಾಗ ಚುಕ್ಕಿ, ಗೆರೆ, ಬೇಕಂತಲೇ ಕಡಿಮೆ ಫ್ರೇಮಿನಲ್ಲಿ ಓಡೋ ಹುಡುಗ ಎಲ್ಲ ಇದ್ದರೂ ಜನ ತಲೆನೋವು ಅನ್ನಲಿಲ್ಲ, ಆಸ್ಕರ್ ಕೊಟ್ಟರು. ಇವೆಲ್ಲ 'ಸ್ಪೀಡ್ ರೇಸರ್' ನೋಡಿ ಕಲಿತವು ಅಂತ ನಾನು ಹೇಳ್ತಿಲ್ಲ. ನಮ್ಮ ಕಣ್ಣು ಪಳಗಿದೆ ಅಂತ ಹೇಳ್ತಿದ್ದೀನಿ. ಒಂದು ಕೈಲಿ ರೀಲ್ಸ್ ಸರಿಸುತ್ತಾ ಇನ್ನೊಂದು ಕೈಲಿ ದೋಸೆ ತಿನ್ನೋ ನಮ್ಮ ಪೀಳಿಗೆಗೆ 2008ರ ಪ್ರೇಕ್ಷಕರಿಗೆ ಅತಿ ಅನ್ನಿಸಿದ ವೇಗ ಅಷ್ಟೇನೂ ಅತಿ ಅಲ್ಲ.

ಆದರೆ ಅದೇ ಕಾರಣಕ್ಕೆ ಒಂದು ಎಚ್ಚರಿಕೆಯೂ ಬೇಕು. ಈಗ "ಕಲ್ಟ್ ಕ್ಲಾಸಿಕ್" ಅಂತ ಹಣೆಪಟ್ಟಿ ಹಚ್ಚೋದು ಸುಲಭ, ಆಗ "ಫ್ಲಾಪ್" ಅಂತ ಹಚ್ಚಿದಷ್ಟೇ ಸುಲಭ. ಎರಡರಲ್ಲೂ ನೋಡೋ ಕೆಲಸ ತಪ್ಪುತ್ತೆ. ರೀಲ್ಸ್ ವೇಗಕ್ಕೂ ಈ ಸಿನಿಮಾದ ಮೊದಲ ರೇಸಿನ ವೇಗಕ್ಕೂ ಇರೋ ವ್ಯತ್ಯಾಸ ಕಾಣಬೇಕಾದರೆ, ಪ್ರತಿ ಸಲ ಪರದೆ ಮೇಲೆ ಏನೋ ಮಿಂಚಿದಾಗ, ಇದು ನನ್ನನ್ನ ಹಿಡಿದಿಡೋಕೆ ಮಿಂಚಿತಾ, ಇಲ್ಲಾ ಏನನ್ನಾದರೂ ಹೇಳೋಕೆ ಮಿಂಚಿತಾ ಅಂತ ಕೇಳಿಕೊಳ್ಳಬೇಕು. ಈ ಸಿನಿಮಾದಲ್ಲಿ ಎರಡೂ ಇದೆ. ಅದಕ್ಕೇ ಜಗಳ ಇನ್ನೂ ಮುಗಿದಿಲ್ಲ.

ನೋಡೋರಿಗೆ ಒಂದೆರಡು ಸಲಹೆ. ಮೊಬೈಲಿನಲ್ಲಿ ನೋಡಬೇಡಿ, ಪದರಗಳೆಲ್ಲ ಅಂಟಿಕೊಂಡು ಬರೀ ಬಣ್ಣದ ಕೆಸರಾಗಿ ಕಾಣುತ್ತೆ. ಯಾರದಾದರೂ ಪ್ರೊಜೆಕ್ಟರ್ ಸಿಕ್ಕರೆ ಒಳ್ಳೇದು. ಮುಂದಿನ ಸಾಲಿನಲ್ಲಿ ಕೂರಬೇಡಿ. ಮೊದಲ ರೇಸು ಮುಗಿಯೋವರೆಗೆ ಯಾರೂ ಎದ್ದು ಹೋಗಬಾರದು ಅಂತ ಮೊದಲೇ ಮಾತಾಡಿಕೊಳ್ಳಿ. ಸ್ಪೀಡ್ ಗೆರೆ ದಾಟೋ ಮುಂಚೆ ಕೊಂಚ ನಿಧಾನಿಸೋದನ್ನ ನೋಡಿದ ಮೇಲೂ ತಲೆ ನೋಯ್ತಾ ಇದ್ದರೆ, ಧಾರಾಳವಾಗಿ ಎದ್ದು ಕ್ಯಾಂಟೀನಿಗೆ ಹೋಗಿ. ಉಳಿದವರು ಸಿನಿಮಾ ಮುಗಿಸಿಕೊಂಡು ಅಲ್ಲಿಗೇ ಬರ್ತಾರೆ, ಜಗಳ ಅಲ್ಲೇ ಮುಂದುವರಿಸೋಣ.